ಆರದ ರಾಳದ ಮೇಲೆ

"ಮಾವ, ಮುಂದಿನದು ತಗೊಳ್ಳಿ," ಎಂದಳು ಇಂಜಿನಿಯರ್ ಹುಡುಗಿ.

ಅವರು ತೆಗೆದುಕೊಳ್ಳಲಿಲ್ಲ. ಮೊಳಕ್ಕಿಂತಲೂ ದಪ್ಪನೆಯ ಗಾಜಿನ ಆಚೆ, ಯಾರೂ ಕಾಲಿಡಬಾರದ ಕೋಣೆಯಲ್ಲಿ, ಉಕ್ಕಿನ ಕೈಗಳೆರಡೂ ಸರಳಿನ ಮೇಲೆ ನಿಂತುಬಿಟ್ಟಿದ್ದವು. ಈಚೆ ಅವರು ಹಿಡಿಯಲ್ಲಿ ಬೆರಳಾಡಿಸಿದಂತೆ ಆಚೆ ಅವು ಆಡುತ್ತಿದ್ದವು. ಆ ಕೈಗಳಿಂದ ಸೂಜಿಗೆ ದಾರ ಪೋಣಿಸಬಲ್ಲರೆಂದು ಜೊತೆಯವರು ಅವರನ್ನು 'ಇಕ್ಕಳದ ಮಾವ' ಎನ್ನುತ್ತಿದ್ದರು.

ಕಲ್ಲು ಕರಗಿಸಿ ಎಳೆದ ನಾರನ್ನು ರಾಳದಲ್ಲಿ ಅದ್ದಿ ಮಾಡಿದ ಸರಳುಗಳು ಅವು. ಅಣುಸ್ಥಾವರದ ಕಾಂಕ್ರೀಟ್ ಗೋಡೆಯೊಳಗೆ ಕಬ್ಬಿಣದ ಕಂಬಿಗೆ ಬದಲಾಗಿ ಇವು ಬಾಳುತ್ತವೆಯೇ ಎಂದು ತಿಳಿಯಲು ವರ್ಷಗಟ್ಟಲೆ ವಿಕಿರಣಕ್ಕೆ ಒಡ್ಡಿ ತೆಗೆದಿದ್ದರು. ಈಗ ಒಂದೊಂದನ್ನೂ ಯಂತ್ರಕ್ಕೆ ಕಚ್ಚಿಸಿ, ತುಂಡಾಗುವವರೆಗೆ ಎಳೆಯಬೇಕು.

ಈ ಸರಳಿನ ಮೈಮೇಲೆ ಹೆಬ್ಬೆರಳಿನ ಗುರುತಿತ್ತು. ಸರಳು ತಯಾರಿಸುವಲ್ಲಿ ಕೆಲಸಕ್ಕಿದ್ದ ಮಗಳು, ರಾಳ ಆರುವ ಮೊದಲೇ ಕೈಯಿಟ್ಟು ಬೈಸಿಕೊಂಡು, ಮನೆಗೆ ಬಂದು ನಕ್ಕಿದ್ದಳು. "ಅಪ್ಪಾ, ನನ್ನ ಹೆಬ್ಬೆಟ್ಟು ನಿಮ್ಮ ಕೋಣೆಗೆ ಬರ್ತಿದೆ. ಚೆನ್ನಾಗಿ ನೋಡ್ಕೊಳ್ಳಿ." ಸರಳು ಇನ್ನೂ ವಿಕಿರಣದಲ್ಲಿ ಇರುವಾಗಲೇ, ಬರಿಯ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಇವತ್ತು ಬೆಳಿಗ್ಗೆ ಹೆಂಡತಿ ಬಾಗಿಲವರೆಗೂ ಬಂದು, "ಅದೊಂದನ್ನ ಮನೆಗೆ ತರೋಕಾಗಲ್ವಾ?" ಎಂದಿದ್ದರು.

"ಅಮ್ಮಾ, ಇದೊಂದನ್ನ ಬಿಟ್ರೆ ಆಗಲ್ವಾ?" ಎಂದು ಹುಡುಗಿಯನ್ನು ಕೇಳಿದರು.

ಹುಡುಗಿಗೆ ವಿಷಯ ಗೊತ್ತಿತ್ತು. "ಬಿಟ್ರೂ ನಿಮ್ಮ ಕೈಗೆ ಬರಲ್ಲ ಮಾವ. ಅದರ ಮೈಯೆಲ್ಲ ವಿಕಿರಣ. ಮುರಿದ್ರೂ ಮುರೀದಿದ್ರೂ ಅದೇ ಪೀಪಾಯಿ, ಅದೇ ನೆಲಮಾಳಿಗೆ." ಅವಳ ದನಿ ತಗ್ಗಿತು. "ನಿಮ್ಮ ಮಗಳು ಬೆರೆಸಿದ ರಾಳದ್ದು ಇದೊಂದೇ ಇರೋದು. ಇದರ ತಾಕತ್ತು ತಿಳೀದೆ ಹೋದ್ರೆ ಅವಳ ಕೆಲಸ ಯಾವ ಗೋಡೆಗೂ ಸೇರಲ್ಲ."

"ಗೊತ್ತು ಕಣಮ್ಮಾ."

ದೇವರೇ, ಇದು ಗಟ್ಟಿಯಾಗಿರಲಿ ಎಂದು ಬೇಡಹೊರಟವರು ಅರ್ಧಕ್ಕೇ ತಡೆದರು. ಗಟ್ಟಿಯಾಗಿದ್ದರೆ ಯಂತ್ರ ಇನ್ನಷ್ಟು ಎಳೆಯುತ್ತದೆ, ಅಷ್ಟೇ. ಏನು ಬೇಡಬೇಕೋ ತೋಚದೆ ಬರಿಯ ಅವನ ಹೆಸರನ್ನೇ ಹೇಳಿಕೊಳ್ಳುತ್ತ ಸರಳನ್ನು ಯಂತ್ರಕ್ಕೆ ಕಚ್ಚಿಸಿದರು.

ಯಂತ್ರ ಎಳೆಯಿತು. ಎಳೆಯುತ್ತಲೇ ಇತ್ತು. ಹಿಂದಿನವೆಲ್ಲ ಮುರಿದ ಹಂತ ದಾಟಿದಾಗ ಹುಡುಗಿ ಎದ್ದು ನಿಂತಳು. "ತಡೀತಿದೆ ಮಾವ! ನೋಡಿ, ಇನ್ನೂ ತಡೀತಿದೆ!"

"ಸಾಕಲ್ವೇನಮ್ಮಾ? ನಿಲ್ಲಿಸು."

ಅವಳು ನಿಲ್ಲಿಸುವಂತಿರಲಿಲ್ಲ.

ಮುರಿದ ಸದ್ದು ಗಾಜಿನ ಈಚೆ ಕೇಳಲೇ ಇಲ್ಲ. ನಾರು ಹಳೆಯ ಪೊರಕೆಯಂತೆ ಕೆದರಿ ನಿಂತಿತು, ಅಷ್ಟೇ ಕಂಡದ್ದು.

ಗುರುತಿದ್ದ ತುಂಡನ್ನು ಒಂದು ಉಕ್ಕಿನ ಕೈ ಎತ್ತಿ ಪೀಪಾಯಿಯ ಬಾಯಿಗೆ ಹಿಡಿಯಿತು. ಇನ್ನೊಂದರ ಬೆರಳು ಮೆಲ್ಲಗೆ ಬಂದು ಆ ಗುರುತಿನ ಮೇಲೆ ಕೂತಿತು. ಈಚೆ ಅವರ ಹೆಬ್ಬೆರಳಿಗೆ ಸಿಕ್ಕಿದ್ದು ಸವೆದ ರಬ್ಬರಿನ ಹಿಡಿ. ಅದನ್ನೇ ಒತ್ತಿ ಹಿಡಿದು ಕೂತರು. ಹುಡುಗಿ ಮುಂದಿನದನ್ನು ಕೇಳಲಿಲ್ಲ.