ಎಂಬತ್ತರಲ್ಲೇ ಹೋಗುತ್ತಿದ್ದ ಬೂದು ಕಾರು

ಕನ್ನಡಕದಂಗಡಿ ನಡೆಸುತ್ತಿದ್ದ ಅವಳು ನಲವತ್ತಾರನೇ ವಯಸ್ಸಿನಲ್ಲಿ ಕಾರು ಕೊಂಡಾಗ ಎಲ್ಲರಿಗಿಂತ ಹೆಚ್ಚು ಹೆದರಿದವರು ಅವಳ ಅಕ್ಕನ ಗಂಡ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವರನ್ನು ಮನೆಮಂದಿಯೆಲ್ಲ ಕರೆಯುತ್ತಿದ್ದುದು ‘ಬ್ರೇಕ್ ಭಾವ’ ಎಂದೇ. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂತರೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು.

ಊರೊಳಗೆ ಓಡಿಸುವುದನ್ನು ಅವಳು ಕಲಿತಾಗಿತ್ತು. ಉಳಿದದ್ದು ಪೆಡಲ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್. ತಿಂಗಳಿಗೆರಡು ಸಲ ನೂರಿಪ್ಪತ್ತು ಕಿಲೋಮೀಟರ್ ದೂರದ ಕಾರ್ಖಾನೆಯಿಂದ ಲೆನ್ಸು ತರಬೇಕಿತ್ತು. ಅಷ್ಟು ದೂರ ಪೆಡಲ್ ಒತ್ತಿ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಹೆದ್ದಾರಿಗೆ ಹೊರಟರು. ಎರಡೂ ಕಡೆ ಕೊಯ್ಲು ಮುಗಿದ ಹೊಲ, ನಡುವೆ ದಾರ ಹಿಡಿದು ಎಳೆದಂಥ ರಸ್ತೆ. ಬಿಸಿಲು ಬೆಳ್ಳಗೆ ಬಿದ್ದಿತ್ತು.

“ಎಂಬತ್ತು ಬಂತಾ? ಈಗ ಸ್ಟೀರಿಂಗ್ ಮೇಲಿರೋ ಬಟನ್ ಒತ್ತಿ, ಕಾಲು ತೆಗಿ.”

ತೆಗೆದಳು. ಕಾರು ನಿಧಾನವಾಗಲಿಲ್ಲ. ಕಣ್ಣಿಗೆ ಕಾಣದವರು ಯಾರೋ ಪೆಡಲ್ ಒತ್ತಿ ಹಿಡಿದಂತೆ ಓಡುತ್ತಲೇ ಇತ್ತು.

“ಅಯ್ಯೋ ಭಾವ, ನನ್ನ ಕಾರಲ್ಲಿ ನಾನೇ ನೆಂಟರ ಥರ ಕೂತಿದ್ದೀನಲ್ಲ!”

“ಹಾಗೆ ಕೂತ್ಕೋಬಾರ್ದು ಅನ್ನೋದೇ ಪಾಠ. ಕಾಲು ಬ್ರೇಕ್ ಹತ್ರಾನೇ ಇರ್ಲಿ. ಅದನ್ನ ಒತ್ತಿದ ತಕ್ಷಣ ಇದು ಬಿಟ್ಟುಬಿಡುತ್ತೆ. ಮಳೇಲಿ ಬೇಡ, ತಿರುವಲ್ಲಿ ಬೇಡ, ಸಂತೆ ಥರ ಗಾಡಿ ಇರೋ ಕಡೆ ಬೇಡ. ಮುಂದಿನ ಗಾಡಿ ನಿಧಾನ ಆದ್ರೆ ಇದೂ ಆಗುತ್ತೆ, ಅದು ನಿಂತ್ರೆ ಇದೂ ನಿಲ್ಲುತ್ತೆ. ಕೆಲವು ಕಾರು ಬಿಳಿ ಗೆರೆ ನೋಡ್ಕೊಂಡು ಸ್ಟೀರಿಂಗೂ ತಾನೇ ತಿರುಗಿಸುತ್ತೆ. ಹಾಗಂತ ಅದನ್ನೇ ನಂಬ್ಕೊಂಡು ಆಕಳಿಸ್ತಾ ಕೂತ್ರೆ ಕೆಟ್ಟೆ.”

ಮುಂದೆ ಒಂದು ಬೂದು ಕಾರು ಹೋಗುತ್ತಿತ್ತು. ಅದರ ಮುಂದೆ ಒಂದು ಟ್ರ್ಯಾಕ್ಟರ್ ರಸ್ತೆಗೆ ಬಂದಾಗ ಅದು ನಯವಾಗಿ ನಿಧಾನವಾಯಿತು. ಟ್ರ್ಯಾಕ್ಟರ್ ಹೊಲಕ್ಕೆ ಇಳಿದ ಮೇಲೆ ಮತ್ತೆ ಎಂಬತ್ತಕ್ಕೇರಿತು.

“ನೋಡು, ಅವನೂ ಅದನ್ನೇ ಹಾಕಿದ್ದಾನೆ. ದಾಟು.”

ದಾಟುವಾಗ ಅವಳು ಆ ಕಾರಿನೊಳಗೆ ಕಣ್ಣು ಹಾಯಿಸಿದಳು. ಐವತ್ತರ ಆಸುಪಾಸಿನ ಗಂಡಸು, ಎರಡೂ ಕೈ ಸ್ಟೀರಿಂಗ್ ಮೇಲೆ, ತಲೆ ಸೀಟಿಗೆ ಆನಿಸಿ ನೇರ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕೈ ಆಡಿಸುತ್ತ ಏನೋ ಹೇಳುತ್ತಿದ್ದಳು.

ಸ್ವಲ್ಪ ಮುಂದೆ ಭಾವ ನೀರು ಕುಡಿಯಲು ಗಾಡಿ ನಿಲ್ಲಿಸಲು ಹೇಳಿದರು. ಬೂದು ಕಾರು ಅದೇ ವೇಗದಲ್ಲಿ ಪಕ್ಕದಿಂದ ಹಾದುಹೋಯಿತು. ಆ ಮನುಷ್ಯ ಕೂತ ಭಂಗಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

“ಭಾವ,” ಎಂದಳು ಅವಳು, “ಅವರು ಕಣ್ಣೇ ಮಿಟುಕಿಸ್ಲಿಲ್ಲ.”

“ನಿಂಗೆ ಎಲ್ಲರ ಕಣ್ಣೂ ಗಿರಾಕಿ ಕಣ್ಣೇ.”

“ತಮಾಷೆ ಅಲ್ಲ. ಇಪ್ಪತ್ತು ವರ್ಷದಿಂದ ಜನರ ಕಣ್ಣೇ ನೋಡ್ತಿದ್ದೀನಿ. ಅದು ನೋಡೋ ಕಣ್ಣಲ್ಲ.”

ಭಾವ ಬಾಟಲಿಯ ಮುಚ್ಚಳ ಹಾಕುವುದನ್ನೂ ಮರೆತು “ಹೊರಡು” ಎಂದರು.

ಬೂದು ಕಾರನ್ನು ಹಿಡಿದು ಪಕ್ಕಕ್ಕೆ ಬಂದಾಗ ಅವಳು ಒಂದೇ ಸಮನೆ ಹಾರ್ನ್ ಬಾರಿಸಿದಳು. ಆ ಮನುಷ್ಯ ತಿರುಗಲಿಲ್ಲ. ತಿರುಗಿದವಳು ಅಜ್ಜಿ. ಅವಸರವೇನಮ್ಮ ಎಂಬಂತೆ ಮುಖ ಕಿವುಚಿ, ಆಮೇಲೆ ನಕ್ಕು ಕೈ ಬೀಸಿದಳು. ಬೂದು ಕಾರಿನ ಚಕ್ರಗಳು ಬಿಳಿ ಗೆರೆಯ ಕಡೆ ವಾಲುತ್ತಿದ್ದವು. ಸ್ಟೀರಿಂಗು ತಾನೇ ಚೂರು ತಿರುಗಿ ಗಾಡಿಯನ್ನು ಮತ್ತೆ ನಡುವಿಗೆ ತರುತ್ತಿತ್ತು. ಅದರ ಜೊತೆ ಆ ಎರಡು ಕೈಗಳೂ ಹೋಗಿ ಬರುತ್ತಿದ್ದವು.

ಅವಳು ಹಾರ್ನಿನಿಂದ ಕೈ ತೆಗೆದಳು.

“ಮುಂದೆ ಸೇತುವೆ ತಿರುವಿದೆ, ಆರು ಕಿಲೋಮೀಟರ್,” ಎಂದರು ಭಾವ. “ಅವನ ಮುಂದಕ್ಕೆ ಹೋಗು. ಟ್ರ್ಯಾಕ್ಟರಿಗೆ ನಿಧಾನ ಆದ ಕಾರು ನಮಗೂ ಆಗ್ಬೇಕು.”

“ಆಗ್ದೇ ಹೋದ್ರೆ?”

“ಹಿಂದಿಂದ ಗುದ್ದುತ್ತೆ. ಬೆಲ್ಟ್ ಬಿಗಿಯಾಗಿದೆಯಾ? ಬಟನ್ನೆಲ್ಲ ಬಿಡು. ಈಗ ಕಾಲಿನ ಕೆಲಸ.”

ದಾಟಿ, ದೂರ ಬಿಟ್ಟುಕೊಂಡು ಅದರ ಮುಂದೆ ಬಂದು, ಅವಳು ಮೆಲ್ಲಗೆ ಬ್ರೇಕ್ ಒತ್ತಿದಳು. ಎಪ್ಪತ್ತು. ಕನ್ನಡಿಯಲ್ಲಿ ಬೂದು ಕಾರು ದೊಡ್ಡದಾಯಿತು. ಅದರ ಗಾಜಿನ ಹಿಂದೆ ಆ ಮುಖವೂ ದೊಡ್ಡದಾಯಿತು. ಅರವತ್ತು. ಮುಖ ಇನ್ನೂ ಹತ್ತಿರ ಬಂತು, ಆಮೇಲೆ ಬರುವುದನ್ನು ನಿಲ್ಲಿಸಿತು. ಐವತ್ತಕ್ಕೆ ಇಳಿಸಿದಾಗ ಅದೂ ಐವತ್ತು. ಸಾಕಿದ ಪ್ರಾಣಿಯಂತೆ ಬೆನ್ನಿಗೇ ಬರುತ್ತಿತ್ತು. ಮೂವತ್ತು, ಹತ್ತು. ಕೊನೆಗೆ ಎರಡೂ ಗಾಡಿ ನಿಂತವು. ನಡುವೆ ಎರಡು ಮಾರು ಜಾಗ.

“ನೀನು ಗಾಡಿ ಅಲ್ಲಾಡಿಸ್ಬೇಡ,” ಎನ್ನುತ್ತ ಭಾವ ಇಳಿದರು. “ನಾವು ಹೊರಟ್ರೆ ಅದೂ ಹೊರಟುಬಿಡಬಹುದು.”

ಅವಳು ಬ್ರೇಕ್ ಒತ್ತಿಕೊಂಡು ಕನ್ನಡಿಯಲ್ಲಿ ನೋಡಿದಳು. ಭಾವ ಅಜ್ಜಿಗೆ ಕಿಟಕಿ ಇಳಿಸಲು ಹೇಳಿ, ಒಳಗೆ ಕೈ ಹಾಕಿ ಬಾಗಿಲು ತೆಗೆದು, ಮುಂದಕ್ಕೆ ಬಾಗಿ ಎಂಜಿನ್ ಆರಿಸಿದರು. ಆ ಮನುಷ್ಯನ ಕೊರಳಿಗೆ ಎರಡು ಬೆರಳಿಟ್ಟರು. ಬೆರಳನ್ನು ಅಲ್ಲೇ ಬಹಳ ಹೊತ್ತು ಇಟ್ಟುಕೊಂಡಿದ್ದರು. ಆಮೇಲೆ ಅವಳ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿದರು.

ಭಾವ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಬಂತು, ಹಿಂದೆಯೇ ಪೊಲೀಸರೂ. ಜೀವ ಹೋಗಿ ಒಂದು ಗಂಟೆಯ ಮೇಲಾಗಿರಬೇಕು, ಹೃದಯ ಥಟ್ಟನೆ ನಿಂತಂತಿದೆ ಎಂದಳು ನರ್ಸ್. ಕನ್ನಡಕದಂಗಡಿಯವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾಯುತ್ತ ನಿಂತ ಅರ್ಧ ಗಂಟೆ ಕಳೆದರೂ ಎಷ್ಟೋ ದೂರ ಆ ಕಾರು ಸತ್ತವನ ಕೈಯಲ್ಲೇ ಓಡಿತ್ತು.

ಅಜ್ಜಿ ಅಳಲಿಲ್ಲ. ರಸ್ತೆಬದಿಯ ಕಲ್ಲಿನ ಮೇಲೆ ಕೂತು, “ಇವತ್ತು ನನ್ನ ಮಗ ಎಷ್ಟು ಚೆನ್ನಾಗಿ ಓಡಿಸ್ದ,” ಎಂದಳು. “ದಿನಾ ಎಗರಿ ಬೀಳೋನು. ಇವತ್ತು ಏನು ಹೇಳಿದ್ರೂ ಎದುರಾಡ್ಲಿಲ್ಲ. ಅವನ ಅಪ್ಪನ ವಿಷಯ, ಇಷ್ಟು ವರ್ಷ ಹೇಳ್ದೇ ಇದ್ದಿದ್ದು, ಎಲ್ಲಾ ಹೇಳ್ಬಿಟ್ಟೆ. ಕೇಳಿಸ್ಕೊಂಡ ಅಂದ್ಕೊಂಡೆ.”

ಭಾವ ನೀರಿನ ಬಾಟಲಿಯನ್ನು ಅಜ್ಜಿಯ ಕೈಗೆ ಕೊಟ್ಟರು.

ಬೂದು ಕಾರನ್ನು ಪೊಲೀಸರಿಗೆ ಒಪ್ಪಿಸಿ, ಅಜ್ಜಿಯನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಣಗಿದ ಕೈಯೊಂದು ಬಂದು ಅವಳ ಹೆಗಲು ಹಿಡಿಯಿತು.

“ತಾಯಿ, ಸುಮ್ನೆ ಓಡಿಸ್ಬೇಡ. ಏನಾದ್ರೂ ಮಾತಾಡ್ತಾ ಇರು.”

ಅವಳು ಲೆನ್ಸು ಹೇಗೆ ಉಜ್ಜುತ್ತಾರೆ, ಫ್ರೇಮಿಗೆ ಹೇಗೆ ಕೂರಿಸುತ್ತಾರೆ ಎಂದು ಹೇಳಲು ಶುರುಮಾಡಿದಳು. ಅಜ್ಜಿ ಒಂದೊಂದಕ್ಕೂ “ಹೂಂ” ಎನ್ನುತ್ತಿದ್ದಳು. ಇವಳು ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದಾಗಲೆಲ್ಲ ಹೆಗಲ ಮೇಲಿನ ಹಿಡಿತ ಬಿಗಿಯಾಗುತ್ತಿತ್ತು.