ಎಲ್ಲಾರ್ಗೂ ಒಂದೇ ಸೂಜಿ

ತಮಿಳುನಾಡಿನ ಕುನ್ನತ್ತೂರಲ್ಲಿ ಕನ್ನಡ ಮಾತಾಡೋ ನೇಕಾರ್ರ ಬೀದೀಲಿ ಒಂದು ಕಾಯಿಲೆ ಬಂದ್ರೇನೇ ಊರೆಲ್ಲ ಡಾಕ್ಟ್ರು. ಬೆಳ್ಳಿಯಪ್ಪಂಗೆ ಎರಡು ಬಂದಿತ್ತು.

ಎಂಬತ್ತೊಂಬತ್ತರ ಬೇಸಿಗೆ. ಸೀರೆ ಮೂಟೆ ಹೊತ್ಕೊಂಡು ಬೊಂಬಾಯಿಗೆ ಹೋಗಿ ಬರ್ತಿದ್ದ ಮನುಷ್ಯ, ಕಣ್ಣು ಅರಿಶಿನದ ಕೊಂಬಾಗಿ ಮಲಗಿಬಿಟ್ಟ. ಕೊಯಮತ್ತೂರಿನ ಆಸ್ಪತ್ರೇಲಿ ರಕ್ತ ತಗೊಂಡು, ಮದ್ರಾಸಿಗೆ ಕಳಿಸಿ, ಒಂದು ತಿಂಗಳು ಕಾಯಿಸಿ, ಆಮೇಲೆ ಡಾಕ್ಟ್ರಮ್ಮ ಅವನ ಹೆಂಡ್ತಿ ಮಲ್ಲಿಗಾನ ಒಳಗೆ ಕರೆದ್ರು.

"ಕಾಮಾಲೆ ಬಂದಿರೋದು ಲಿವರ್ ತಿನ್ನೋ ವೈರಸ್ಸಿಂದ. ಜೊತೆಗೆ ಏಡ್ಸ್ ವೈರಸ್ಸೂ ಇದೆ. ಎರಡೂ ಒಂದೇ ದಾರೀಲಿ ಓಡಾಡ್ತವೆ. ಗಂಡ ಹೆಂಡ್ತಿ ಮಧ್ಯೆ ಬರ್ತವೆ, ರಕ್ತದಲ್ಲಿ ಬರ್ತವೆ, ಒಬ್ರಿಗೆ ಚುಚ್ಚಿದ ಸೂಜೀನ ಕುದಿಸ್ದೆ ಇನ್ನೊಬ್ರಿಗೆ ಚುಚ್ಚಿದ್ರೂ ಬರ್ತವೆ. ಒಟ್ಟಿಗೆ ಕೂತು ಉಂಡ್ರೆ ಏನೂ ಆಗಲ್ಲ."

ಮಲ್ಲಿಗಾಗೂ ಎಂಟು ವರ್ಷದ ಮಗಳು ಶಿವಗಾಮಿಗೂ ಪರೀಕ್ಷೆ ಆಯ್ತು. ಇಬ್ರಿಗೂ ಏನಿಲ್ಲ. ಮಗಳನ್ನ ಹೀಗೇ ಉಳಿಸ್ಕೊಂಡ್ರೆ ಸಾಕು ಅಂದ್ಕೊಂಡೇ ಮಲ್ಲಿಗಾ ಬಸ್ ಹತ್ತಿದ್ದು.

ಬೀದೀಲಿ ಕಾಮಾಲೆ ಅಂತ ಮಾತ್ರ ಹೇಳೋದು ಅಂತ ಮನೇಲಿ ತೀರ್ಮಾನ ಆಯ್ತು. ಕಾಮಾಲೆ ಮರ್ಯಾದಸ್ಥ ಕಾಯಿಲೆ. ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡಿಸಿ, ಉಪ್ಪು ಬಿಡಿಸಿದ್ರೆ ನೆಂಟ್ರು ಬಂದು ಪಕ್ಕದಲ್ಲಿ ಕೂತು ಕತೆ ಹೇಳ್ತಾರೆ. ಆದ್ರೆ ಅತ್ತೆ ಅಂಗಮ್ಮನ ಹೊಟ್ಟೇಲಿ ಗಂಜಿ ನಿಂತ್ರೂ ಗುಟ್ಟು ನಿಲ್ಲಲ್ಲ. ಪಕ್ಕದ್ಮನೆ ಪೆರಿಯನಾಯಕಿ ಹತ್ರ ಆಣೆ ಹಾಕಿಸ್ಕೊಂಡು ಹೇಳಿದ್ಳು. ಪೆರಿಯನಾಯಕೀನೂ ಒಬ್ಬೊಬ್ರ ಹತ್ರಾನೂ ಆಣೆ ಹಾಕಿಸ್ಕೊಂಡೇ ಹೇಳಿದ್ಳು, ಪಾಪ.

ಮರುದಿನದಿಂದ ಬೆಳ್ಳಿಯಪ್ಪನ ಲೋಟ ಬೇರೆ, ತಟ್ಟೆ ಬೇರೆ, ಬಕೆಟ್ಟು ಬೇರೆ. ಟೀ ಅಂಗಡಿಯಿಂದ ಟೀ ತೆಂಗಿನ ಚಿಪ್ಪಲ್ಲಿ ಬಂತು. ಕ್ಷೌರದವನು ಕೈ ಉಳುಕಿದೆ ಅಂತ ಹೇಳಿ ಕಳಿಸ್ದ. ಬೀದಿನಾಯಿ ಒಂದು ಮಾತ್ರ ಬಂದು ಹೋಗ್ತಿತ್ತು, ಅದಕ್ಕಿನ್ನೂ ಸುದ್ದಿ ತಲುಪಿರ್ಲಿಲ್ಲ.

ಇಷ್ಟು ಮಾಡಿದ್ರೂ ಬೀದಿಗೆ ಭಯ ಹೋಗ್ಲಿಲ್ಲ. ಆಗ ಕಂಪೌಂಡರ್ ತಿರುಮಲೈಸಾಮಿ ಮುಂದೆ ಬಂದ. ತಿರುಪ್ಪೂರಿನ ಯಾವುದೋ ಡಾಕ್ಟರ ಹತ್ರ ಹದಿನೆಂಟು ವರ್ಷ ಬಾಟ್ಲಿ ತೊಳೆದು, ಈಗ ತಾನೇ ಡಾಕ್ಟ್ರು. ಒಂದು ಸ್ಟೀಲ್ ಡಬ್ಬಿ, ಒಂದು ಗಾಜಿನ ಸಿರಿಂಜು, ಒಂದೇ ಒಂದು ಸೂಜಿ. ಜ್ವರಕ್ಕೂ ಅದೇ, ಸುಸ್ತಿಗೂ ಅದೇ, ಸೊಸೆ ಮಾತು ಕೇಳ್ದೆ ಇದ್ರೂ ಅದೇ. ಈಗ ಕಾಮಾಲೆ ಬರ್ದಿರೋ ಇಂಜೆಕ್ಷನ್ನು.

ಶುಕ್ರವಾರ ಬೆಳಿಗ್ಗೆ ಚೌಡೇಶ್ವರಿ ಗುಡಿ ಜಗಲಿ ಮುಂದೆ ಸಾಲು. ಮೊದಲು ಪೆರಿಯನಾಯಕಿ, ಹಿಂದೆ ಅಂಗಮ್ಮ, ಅಂಗಮ್ಮನ ಕೈಯಲ್ಲಿ ಶಿವಗಾಮಿ.

ನೆಲನೆಲ್ಲಿ ಅರೀತಿದ್ದ ಮಲ್ಲಿಗಾ ಹಸಿರು ಕೈಯಲ್ಲೇ ಓಡಿ ಬಂದ್ಳು.

"ಅಣ್ಣಾ, ಒಬ್ಬೊಬ್ರಿಗೂ ಸೂಜಿ ಕುದಿಸಿ ಹಾಕಿ. ಆಸ್ಪತ್ರೇಲಿ ಹೇಳಿದಾರೆ."

"ಸೂಜಿ ಏನು ಕೋಳಿಮೊಟ್ಟೇನಾ ಕುದಿಸಕ್ಕೆ?" ತಿರುಮಲೈಸಾಮಿ ನಕ್ಕ. "ಸ್ಪಿರಿಟ್ಟಲ್ಲಿ ಒರೆಸ್ತೀನಮ್ಮಾ. ಒಣ್ಣುಂ ಆಗಾದು."

ಏನೂ ಆಗಲ್ಲ ಅಂತ ಕನ್ನಡದಲ್ಲಿ ಹೇಳಿದ್ರೆ ಮನೆ ಮಾತು. ತಮಿಳಲ್ಲಿ ಹೇಳಿದ್ರೆ ಡಾಕ್ಟ್ರ ಮಾತು. ಸಾಲೆಲ್ಲ ತಲೆ ಆಡಿಸ್ತು.

"ದೂರ ನಿಂತ್ಕೊಳೇ," ಅಂದ್ಳು ಪೆರಿಯನಾಯಕಿ. "ಗಾಳಿ ಈ ಕಡೆ ಬೀಸ್ತಿದೆ."

ಮಲ್ಲಿಗಾ ಮಗಳ ಕೈ ಹಿಡಿದು ಎಳೆದ್ಳು. ಅಂಗಮ್ಮ ಇನ್ನೊಂದು ಕೈ ಬಿಡ್ಲಿಲ್ಲ. "ನನ್ನ ಮಗನ್ನ ತಿಂದಿದ್ದು ಸಾಲ್ದಾ? ಕೂಸಾದ್ರೂ ಬದುಕ್ಲಿ ಬಿಡು."

ಸಿರಿಂಜಿಗೆ ಮದ್ದು ತುಂಬ್ತಿತ್ತು. ಮಲ್ಲಿಗಾ ಮಗಳ ಕೈ ಬಿಟ್ಟು, ಸಾಲಿನ ಮುಂದಕ್ಕೆ ಹೋಗಿ, ರವಿಕೆ ತೋಳು ಮೇಲಕ್ಕೆ ಸರಿಸಿ ನಿಂತ್ಳು.

"ಸರಿ. ಹಂಗಾದ್ರೆ ನಂಗೇ ಮೊದ್ಲು ಹಾಕಿ. ಕಾಮಾಲೆ ಮನೇಲಿ ಮಲಗೋಳು ನಾನು."

ತಿರುಮಲೈಸಾಮಿ ಕೈ ಅಲ್ಲೇ ನಿಂತ್ಬಿಡ್ತು.

"ಇವಳಿಗೆ ಕೊನೇಲಿ ಹಾಕಿ," ಅಂದ್ಳು ಪೆರಿಯನಾಯಕಿ.

"ಯಾಕಕ್ಕಾ? ಒರೆಸ್ತಾರಲ್ಲ. ಒಣ್ಣುಂ ಆಗಾದು."

"ನಿಂಗೆ ಚುಚ್ಚಿದ ಸೂಜಿ ನಂಗಾ?"

"ನಂಗೆ ಇವತ್ತು ತಾನೇ ಚುಚ್ಚೋದು. ನಮ್ಮನೆಯೋರು ಪೊಂಗಲ್‌ನಿಂದ ಊರಲ್ಲಿದ್ದ ಪ್ರತಿ ಶುಕ್ರವಾರ ಶಕ್ತಿ ಬರ್ಲಿ ಅಂತ ಚುಚ್ಚಿಸ್ಕೊಂಡಿದ್ದೂ ಇದೇ ಸೂಜೀಲಿ. ಅವರ ಹಿಂದೆ ಯಾರ್ಯಾರು ನಿಂತಿದ್ರು, ಅಣ್ಣನ್ನೇ ಕೇಳಿ."

ಯಾರೂ ಕೇಳ್ಲಿಲ್ಲ. ಪೆರಿಯನಾಯಕಿ ಬಲಗೈ ಮೆಲ್ಲಗೆ ಎಡತೋಳಿಗೆ ಹೋಯ್ತು. ಗಂಡಸ್ರು ಸೊಂಟ ಸವರ್ಕೊಂಡ್ರು. ಬೀದಿಗೆ ಬೀದಿಯೇ ಒಂದೊಂದೇ ಶುಕ್ರವಾರ ನೆನಪು ಮಾಡ್ಕೊಳ್ತಿತ್ತು. ಅಂಗಮ್ಮ ಮೊಮ್ಮಗಳ ಕೈ ಬಿಟ್ಟು, ತನ್ನ ತೋಳಲ್ಲಿ ಏನೋ ಹುಡುಕ್ತಿದ್ಳು.

ತಿರುಮಲೈಸಾಮಿ ಕಿಣತ್ತುಕಡವಲ್ಲಿ ಒಂದು ಅರ್ಜೆಂಟ್ ಕೇಸಿದೆ ಅಂತ ಡಬ್ಬಿ ಅಲ್ಲೇ ಬಿಟ್ಟು ಹೊರಟ. ಅದನ್ನ ಮುಟ್ಟೋಕೆ ಒಬ್ರಿಗೂ ಧೈರ್ಯ ಇಲ್ಲ.

"ಅದು ನಿಮ್ಮನೇದೇ," ಅಂದ್ಳು ಪೆರಿಯನಾಯಕಿ. "ತಗೊಂಡು ಹೋಗು."

ಮಲ್ಲಿಗಾ ಒಂದು ಕೈಯಲ್ಲಿ ಮಗಳು, ಒಂದು ಕೈಯಲ್ಲಿ ಡಬ್ಬಿ ಹಿಡ್ಕೊಂಡು ಮನೆಗೆ ಬಂದ್ಳು. ಗೋಡೆ ಪಕ್ಕ ಸಾಲಾಗಿದ್ದ ಲೋಟ, ತಟ್ಟೆ, ಚಿಪ್ಪು, ಎಲ್ಲಾನೂ ಒಳಗೆ ಮನೆಯೋರ ಪಾತ್ರೆ ಗೂಡಿಗೆ ಸೇರಿಸಿ, ಆ ಜಾಗದಲ್ಲಿ ಡಬ್ಬಿ ಇಟ್ಳು.

ಬೆಳ್ಳಿಯಪ್ಪ ಹಳದಿ ಕಣ್ಣು ಬಿಟ್ಟು ನೋಡ್ದ. "ಏನದು?"

"ದೂರ ಇಡ್ಬೇಕಾಗಿದ್ದು," ಅಂದ್ಳು ಮಲ್ಲಿಗಾ, ಮಜ್ಜಿಗೆ ಲೋಟ ಕೈಗೆ ಕೊಡ್ತಾ.

ಮರುದಿನ ಟೀ ಅಂಗಡೀಲಿ ತೆಂಗಿನ ಚಿಪ್ಪು ಸಾಲ್ಲಿಲ್ಲ. ಬಂದೋರೆಲ್ಲ, ಪಕ್ಕದೋನಿಗೆ ಲೋಟ ಕೊಡ್ಬೇಡ ಅಂತ ಮೆತ್ತಗೆ ಹೇಳಿ ಹೋಗಿದ್ರು.