ನಡುಗೆರೆಯ ಸುತಳಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲರು ಕಬಡ್ಡಿ ಆಡುವಾಗ ಸುಣ್ಣದ ಗೆರೆ ಎಳೆಯುವುದಿಲ್ಲ. ಮರುದಿನ ಅದೇ ನೆಲದ ಮೇಲೆ ಮೆಣಸಿನಕಾಯಿ ಸುರಿಯಬೇಕು. ಕಾಯಿಗೆ ಬಿಳುಪು ಹತ್ತಿದರೆ ದಲಾಲರು ಬೈಯುತ್ತಾರೆ. ಅದಕ್ಕೇ ಚೀಲ ಹೊಲಿಯುವ ಸುತಳಿಯನ್ನು ಬಿಗಿಯಾಗಿ ಎಳೆದು, ಎರಡೂ ತುದಿಗೆ ಮೊಳೆ ಹೊಡೆಯುತ್ತಾರೆ. ಅದೇ ಗೆರೆ.

ಎರಡು ಸಾವಿರದ ನಾಲ್ಕನೇ ಇಸವಿಯ ಆ ಭಾನುವಾರದ ಫೈನಲ್‌ಗೂ ಸುತಳಿಯೇ. ನಮ್ಮ ಹಮಾಲರ ಎದುರು ರಾಣೆಬೆನ್ನೂರಿನ ತಂಡ. ನಮ್ಮವರ ನಾಯಕ ನನ್ನ ತಮ್ಮ ಮಾಂತೇಶ. ಮೈಕಿನ ಮುಂದೆ ಕಾಮೆಂಟರಿ ಹೇಳುವವಳು ನನ್ನ ಮಗಳು ನೀಲಾ.

ನೀಲಾಗೆ ಹೈಸ್ಕೂಲಿನಿಂದಲೂ ಅದೇ ಹುಚ್ಚು. ನಾನು ರೊಟ್ಟಿ ಬಡಿಯುವಾಗ ಸೌಟು ಹಿಡಿದು, “ಅವ್ವ ಈಗ ಎಡಗೈಗೆ ಬದಲಿಸಿದಳು, ರೊಟ್ಟಿ ಹಂಚಿಗೆ ಬಿತ್ತು” ಎಂದು ಕೂಗುತ್ತಿದ್ದಳು. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಖೋ ಖೋ, ವಾಲಿಬಾಲ್ ಸುದ್ದಿ ಬರೆದು ಪತ್ರಿಕೆಗೆ ಕಳಿಸಿದಳು. ನಾಲ್ಕು ಸಾಲು ಬರುತ್ತಿತ್ತು, ಹೆಸರು ಬರುತ್ತಿರಲಿಲ್ಲ. ಹಾವೇರಿಯಲ್ಲಿ ಕೇಬಲ್ ಚಾನೆಲ್ ನಡೆಸುವ ಶಾಬುದ್ದೀನ ಕೊನೆಗೂ ಒಪ್ಪಿದ್ದ.

“ಒಂದ ಮ್ಯಾಚ್ ನೋಡ್ತೇನಿ, ತಂಗೀ. ಜಿಲ್ಲಾದ ಊರೂರಾಗೂ ಟೀವಿಯೊಳಗ ಲೈವ್ ಬರ್ತೈತಿ. ಜನ ಒಪ್ಪಿದ್ರ ಜಿಲ್ಲಾದಾಗಿನ ಆಟ ಎಲ್ಲಾ ವಾರಾ ವಾರಾ ನಿಂದ. ಬೈದು ಫೋನ್ ಬಂದ್ವು ಅಂದ್ರ ನನ್ನ ಆಫೀಸಿನ ಮೆಟ್ಟಲಾ ಹತ್ತಬ್ಯಾಡ.”

ನಾನು ನಡುಗೆರೆಯ ನೇರಕ್ಕೇ ನೆರಳಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನನ್ನ ಜೊತೆ ಕಾಯಿಯ ತೊಟ್ಟು ಮುರಿಯುವ ನೀಲಗಂಗವ್ವ.

“ನಿನ್ನ ಮಗಳ ಬಾಯಿಗೆ ಮೀಟರ್ ಹಚ್ಚಿದ್ರ ಬಿಲ್ಲ ಎಷ್ಟ ಬಂದೀತಬೇ?” ಎಂದಳು. ನನಗೆ ನಗು ಬರಲಿಲ್ಲ.

ಆಟದ ತೀರ್ಪು ಹೇಳುವ ಪಂಚರು ಅಜ್ಜಪ್ಪ ಮಾಸ್ತರು. ಮೆಣಸಿನಕಾಯಿಯ ಘಾಟಿಗೆ ಅವರ ಕಣ್ಣು ಸದಾ ತುಂಬಿರುತ್ತಿತ್ತು. ಅರ್ಧ ಆಟ ಮುಗಿಯುವ ಹೊತ್ತಿಗೆ ಅವರು ನೀಲಾಳ ಮಾತು ಕೇಳಿಯೇ ಸೀಟಿ ಊದುತ್ತಿದ್ದರು.

“ಮಾಸ್ತರ ಕಣ್ಣು ಆಕಿ ಬಾಯಾಗ ಅದಾವ ನೋಡ್ರಿ!” ಎಂದು ಯಾರೋ ಕೂಗಿದರು. ಜನ ನಕ್ಕರು.

ಕೊನೆಯ ದಾಳಿ. ನಮ್ಮವರು ಎರಡು ಅಂಕ ಮುಂದೆ. ರಾಣೆಬೆನ್ನೂರಿನ ಹುಲಿಗೇಶ ದಮ್ಮು ಹಿಡಿದು ಬಂದ. ಮಾಂತೇಶ ಸೇರಿ ಮೂವರು ಅವನ ಮೇಲೆ ಬಿದ್ದರು. ಹುಲಿಗೇಶ ಆ ಮೂವರನ್ನೂ ಎಳೆದುಕೊಂಡೇ ನಡುಗೆರೆಯ ಕಡೆ ತೆವಳಿದ. ಕೈ ಗೆರೆ ಮುಟ್ಟಿದರೆ ಮೂವರೂ ಔಟ್, ಮೂರು ಅಂಕ, ಕಪ್ ರಾಣೆಬೆನ್ನೂರಿಗೆ. ಕಾಲುಗಳ ಒದ್ದಾಟಕ್ಕೆ ಕೆಂಪು ಧೂಳು ಎದ್ದಿತು. ಅಜ್ಜಪ್ಪ ಮಾಸ್ತರು ಸೀನಿದರು.

“ಮುಟ್ಟಲಿಲ್ಲ! ಮುಟ್ಟಲಿಲ್ಲ! ಹುಲಿಗೇಶ ಔಟ್!” ನೀಲಾ ಕೂಗಿದಳು.

ಸೀಟಿ ಬಿತ್ತು. ಜನ ಕುಣಿಯತೊಡಗಿದರು. ಕ್ಯಾಮೆರಾ ಅವರ ಕಡೆ ತಿರುಗಿತು.

ಧೂಳು ಇಳಿದಾಗ ನಾನು ನೋಡಿದೆ. ಸುತಳಿ ಬಿಲ್ಲಿನಂತೆ ಬಾಗಿ ಹುಲಿಗೇಶನ ಮುಷ್ಟಿಯಲ್ಲಿತ್ತು. ಅವನಿಗೆ ಮಾತಾಡಲೂ ಉಸಿರಿರಲಿಲ್ಲ. ಮಾಂತೇಶ ಬಗ್ಗಿ ಆ ಬೆರಳು ಬಿಡಿಸಿದ. ಸುತಳಿಯನ್ನು ಕಾಲಿನಿಂದ ನೆಟ್ಟಗೆ ಮಾಡಿದ.

ನೀಲಾ ಕೂಡ ನೋಡಿದ್ದಳು. ಮೈಕಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ಬೇಡ. ಎರಡು ವರ್ಷ ಕಾದಿದ್ದೀ, ಸುಮ್ಮನಿರು ಮಗಳೇ.

ಅವಳು ಕೈ ತೆಗೆದಳು.

“ವೀಕ್ಷಕರೇ, ನಾನು ತಪ್ಪು ಹೇಳಿದೆ. ಹುಲಿಗೇಶ ನಡುಗೆರೆ ಮುಟ್ಟಿದ್ದಾರೆ. ಸುತಳಿ ಅವರ ಮುಷ್ಟಿಯಲ್ಲಿತ್ತು.”

ಕುಣಿತ ನಿಂತಿತು.

“ಏ, ಮೈಕ್ ಬಂದ್ ಮಾಡ್ರೋ!”

“ಯಾವ ಊರಿನ ಅನ್ನ ತಿಂತೀಯಬೇ ನೀ?”

ಅಜ್ಜಪ್ಪ ಮಾಸ್ತರು ಕಣ್ಣೊರೆಸಿಕೊಂಡು ನನ್ನ ತಮ್ಮನ ಎದುರು ನಿಂತರು. “ಮಾಂತೇಶಾ, ಖರೇನಾ?”

ಮಾಂತೇಶ ಸೋದರಸೊಸೆ ನೀಲಾಳ ಮುಖ ನೋಡಲಿಲ್ಲ. ನನ್ನ ಕಡೆ ಕೈ ತೋರಿಸಿದ. “ನಮ್ಮಕ್ಕ ಎದುರಿಗೇ ಕುಂತಾಳಲ್ರಿ, ಆಕೀನ ಕೇಳ್ರಿ. ಹೇಳಕ್ಕಾ, ಮುಟ್ಟ್ಯಾನನು?”

ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ನಾನು ಇಲ್ಲ ಎನ್ನುತ್ತೇನೆ ಎಂದು ಅವನಿಗೆ ನಂಬಿಕೆ. ಇಲ್ಲ ಎಂದರೆ ಇಡೀ ಜಿಲ್ಲೆಯ ಎದುರು ನನ್ನ ಮಗಳು ಎರಡೆರಡು ಮಾತಾಡಿದವಳಾಗುತ್ತಾಳೆ. ಆಮೇಲೆ ಅವಳ ಮಾತನ್ನು ಯಾರು ನಂಬುತ್ತಾರೆ? ನೀಲಗಂಗವ್ವ ನನ್ನ ಸೆರಗು ಜಗ್ಗಿದಳು.

“ಮುಟ್ಟ್ಯಾನ್ರಿ,” ಎಂದೆ. “ನಾ ನೋಡೇನಿ.”

ಕಪ್ ರಾಣೆಬೆನ್ನೂರಿಗೆ ಹೋಯಿತು.

ಬೈಯುತ್ತ ಜನ ಚದುರಿದರು. ಶಾಬುದ್ದೀನ ವೈರು ಸುತ್ತುತ್ತಿದ್ದ. ಅವನ ಕಿಸೆಯಲ್ಲಿ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು. ನೀಲಾ ಮೈಕನ್ನು ಸೆರಗಿನಿಂದ ಒರೆಸಿ ಅವನ ಮುಂದಿಟ್ಟಳು.

“ನಿಮ್ಮ ಮೆಟ್ಟಲಾ ಹತ್ತೂದಿಲ್ರಿ, ಅಣ್ಣಾ.”

“ಹನ್ನೊಂದು ಫೋನ್ ಬಂದ್ವು. ಎಲ್ಲಾ ಬೈಗಳಾನ,” ಎಂದ ಅವನು. “ಹನ್ನೆರಡನೇದು ರಾಣೆಬೆನ್ನೂರಿಂದ. ಬರೋ ಐತವಾರ ಅಲ್ಲಿ ವಾಲಿಬಾಲ್ ಐತಂತ. ತಪ್ಪು ಒಪ್ಪಿಕೊಂಡ ಹುಡುಗೀನ ಬೇಕಂತ ಅವ್ರಿಗೆ.” ಮೈಕನ್ನು ಮತ್ತೆ ಅವಳ ಕಡೆಗೇ ದೂಡಿದ. “ಲಗೂ ಬಾ. ಇನ್ನ ಮುಂದ ಕಣ್ಣು ಮೊದಲ, ಬಾಯಿ ಆಮ್ಯಾಲ. ಬ್ಯಾಡಗ್ಯಾಗ ಮಾತ್ರ ಒಂದು ವರ್ಷ ಮೈಕ್ ಮುಟ್ಟಬ್ಯಾಡ.”

ನೀಲಾ ಅತ್ತಳು. ಯಾವುದಕ್ಕೆಂದು ನಾನು ಕೇಳಲಿಲ್ಲ.

ಸೋಮವಾರ ಮಾರುಕಟ್ಟೆಯಲ್ಲಿ ತೊಟ್ಟು ಮುರಿದ ಕಾಯಿಯ ಬುಟ್ಟಿ ತುಂಬಿತು. ದಿನವೂ ಅದನ್ನು ನನ್ನ ತಲೆಗೆ ಎತ್ತಿಡುವವನು ಮಾಂತೇಶ. ಅವನು ಚೀಲ ಹೊತ್ತು ನನ್ನ ಮುಂದೆಯೇ ಮೂರು ಸಲ ಹಾದುಹೋದ. ಮೂರನೇ ಸಲ ನಾನು ಮಂಡಿಯೂರಿ ಬುಟ್ಟಿಯನ್ನು ತೊಡೆಗೆ ತಂದುಕೊಂಡೆ, ಅಲ್ಲಿಂದ ಭುಜಕ್ಕೆ, ಭುಜದಿಂದ ತಲೆಗೆ.